ಓ ಎಂದದ್ದು ಯಾರು

…ಅಥವಾ ಬೀದಿ ಬಾಗಿಲು ತೆರೆದೇ ಇತ್ತೇನೋ. ಚಿಲಕ ಹಾಕಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ನಂಬಿದ್ದಾರೆ, ಹೇಳಿ ಹೇಳಿ ನಾನೂ ನಂಬಿದ್ದೇನೆ. ಆದರೆ ಈಗ ಆ ಸಂಜೆಯನ್ನು ನೆನೆದರೆ ನಡುಮನೆಯ ನೆಲದ ಮೇಲೆ ಬೆಳಕಿನ ಒಂದು ಪಟ್ಟೆ ಕಾಣುತ್ತದೆ, ಅದು ಮಗಳ ಬೆನ್ನಿನವರೆಗೂ ಬಂದಿರುತ್ತದೆ. ಬಾಗಿಲು ಮುಚ್ಚಿದ್ದರೆ ಆ ಬೆಳಕು ಎಲ್ಲಿಂದ ಬಂತು? ನಂಜನಗೂಡಿನ ನಮ್ಮ ಮನೆಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಎರಡು ಪಕ್ಕದ ಗೋಡೆಗಳೂ ನೆರೆಮನೆಯವರ ಜೊತೆ ಹಂಚಿಕೊಂಡವು, ನಡುಮನೆಗೆ ಕಿಟಕಿಯೇ ಇಲ್ಲ. ಬೆಳಕನ್ನು ನಾನೇ ಆಮೇಲೆ ತಂದು ಹಾಕಿದ್ದಿರಬಹುದು. ನನ್ನ ನೆನಪಿಗೆ ಆ ಚಾಳಿ ಇದೆ.

ಬಾಗಿಲಿನ ಮಾತು ಯಾಕೆಂದರೆ, ಆ ಸಂಜೆ ನಾನು ಮಗಳ ಬೆನ್ನ ಹಿಂದೆ ನಿಂತು ಅವಳ ಹೆಸರು ಹಿಡಿದು ಕೂಗಿದೆ. ಯಾರೋ ‘ಓ’ ಎಂದರು. ಬಾಗಿಲು ಮುಚ್ಚಿದ್ದರೆ ಆ ‘ಓ’ ಮನೆಯೊಳಗಿನದು. ಮನೆಯೊಳಗೆ ನನ್ನನ್ನು ಬಿಟ್ಟರೆ ಇದ್ದವರು ಆರು ವರ್ಷದ ಮಗಳು ಮತ್ತು ನನ್ನ ಅತ್ತೆ.

ಮಗಳಿಗೆ ಆಟಿಸಂ ಎಂದು ಮೈಸೂರಿನಲ್ಲಿ ಹೇಳಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮ ಕಡೆ ಆ ಪದ ಕೇಳಿದವರಿರಲಿಲ್ಲ. ಬಸ್ಸಿಳಿದು ಮನೆಗೆ ಬಂದು ಅತ್ತೆಗೆ ಹೇಳಿದೆ.

“ಆಟೀಸಮ್ಮನಾ? ಯಾವೂರ ಅಮ್ಮ ಅವ್ವ ಅದು? ಕೇಳೇ ಇಲ್ವಲ್ಲ,” ಅಂದರು ಅತ್ತೆ.

“ಅಮ್ಮ ಅಲ್ಲ ಅತ್ತೆ. ಆಟಿಸಂ ಅಂತ. ಕಾಯಿಲೆನೂ ಅಲ್ವಂತೆ, ಮೆದುಳು ಬೆಳೆಯೋ ರೀತಿನೇ ಬೇರೆಯಂತೆ.”

“ಆಟ ಅಂತೀಯ. ಇವಳು ಆಟವೇ ಆಡಲ್ವಲ್ಲವ್ವ.”

ಅದು ನಿಜ, ಬೇರೆ ಮಕ್ಕಳ ಹಾಗೆ ಅವಳು ಆಡುತ್ತಿರಲಿಲ್ಲ. ಹುಣಸೆ ಬೀಜಗಳನ್ನು ಗೋಡೆಯುದ್ದಕ್ಕೂ ಒಂದೇ ಅಂತರದಲ್ಲಿ ಇಡುತ್ತ ಹೋಗುವಳು. ಸ್ಟೀಲ್ ತಟ್ಟೆಯನ್ನು ಅಂಚಿನ ಮೇಲೆ ತಿರುಗಿಸಿ, ಅದು ನಡುಗುತ್ತ ನೆಲಕ್ಕೆ ಬೀಳುವ ಸದ್ದಿಗೆ ಕಿವಿ ಇಟ್ಟು ಮಲಗುವಳು. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಒಯ್ದು, ನನ್ನ ಕೈಯನ್ನು ಆ ವಸ್ತುವಿನ ಮೇಲೆ ಇಡುವಳು, ಸೌಟು ಇಡುವ ಹಾಗೆ. ಮಾತಿಲ್ಲ. ಕೂಗಿದರೆ ತಿರುಗುವುದಿಲ್ಲ. ಬಾಗಿಲು ಸ್ವಲ್ಪ ಸಂದಾದರೆ ಸಾಕು, ನೇರ ಕಪಿಲೆಯ ಕಡೆಗೆ ಓಟ. ಹರಿಯುವ ನೀರೆಂದರೆ ಅವಳಿಗೆ ಪ್ರಾಣ. ಹಾಗಾಗಿ ಅವಳು ಎಚ್ಚರವಿರುವಷ್ಟು ಹೊತ್ತೂ ಎರಡು ಬಾಗಿಲಿಗೂ ಚಿಲಕ. ಅವಳು ಒಳಗೆ, ಅವಳ ಜೊತೆ ನಾವೂ ಒಳಗೆ. ಅವಳಪ್ಪನಿಗೆ ಫ್ಯಾಕ್ಟರಿಯ ಶಿಫ್ಟು. ಅವರೊಬ್ಬರೇ ಹೊರಗೆ ಹೋಗಿ ಬರುತ್ತಿದ್ದವರು.

ನಾನೂ ಹೋಗಿ ಬರುತ್ತಿದ್ದೆ, ಆ ವರ್ಷದವರೆಗೆ. ನನ್ನ ತವರು ತಿ. ನರಸೀಪುರ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುವಷ್ಟು ಹೊತ್ತು ಯಾರಿಗೂ ಯಾರೂ ಆಗಿರಬೇಕಿರಲಿಲ್ಲ. ಆದರೆ ಅತ್ತೆಯ ಮಂಡಿ ಸೋತಿತ್ತು. ಮಗಳು ಬೆಳೆದಂತೆ ಅವಳ ಓಟವೂ ಬೆಳೆದಿತ್ತು. ಒಂದು ಸಲ ಹಿತ್ತಲ ಬಾಗಿಲು ತೆರೆದುಕೊಂಡು ಹೋಗಿ, ಸ್ನಾನಘಟ್ಟದ ಮೆಟ್ಟಿಲ ಮೇಲೆ ಸಿಕ್ಕಿದಳು. ಆವತ್ತೇ ಅತ್ತೆ, “ನನ್ ಕೈಲಾಗಲ್ಲ ಕಣವ್ವ, ಮೊಗ ನೀರ್‌ಪಾಲಾದ್ರೆ ನಾನ್ ಬದುಕಿರಲ್ಲ” ಎಂದು ಕೂತುಬಿಟ್ಟರು. ನನಗಿದ್ದ ದಾರಿ ಒಂದೇ: ಅವಳನ್ನೂ ನನ್ನ ಶಾಲೆಗೇ ಒಂದನೇ ತರಗತಿಗೆ ಸೇರಿಸಿ, ಒಂದೇ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು.

ನಮ್ಮ ಹೆಡ್ ಮಿಸ್ ಕೆಟ್ಟವರಲ್ಲ. “ಬೇರೆ ಪೇರೆಂಟ್ಸ್‌ಗೆ ನಾನೇನಾದ್ರೂ ಹೇಳ್ಬೇಕಲ್ಲ ಮಿಸ್,” ಅಂದರು. “ಜೂನ್‌ನಲ್ಲಿ ಕರ್ಕೊಂಡು ಬನ್ನಿ. ಹಾಜರಿ ಕೂಗ್ದಾಗ ಒಂದು ಓ ಅಂದ್ರೂ ಸಾಕು. ಮಿಕ್ಕಿದ್ದು ನಿಭಾಯಿಸೋಣ.”

ಒಂದು ಓ. ಜೂನ್‌ಗೆ ಇನ್ನೂ ಐದಾರು ತಿಂಗಳಿತ್ತು.

ಅದೇ ಹೊತ್ತಿಗೆ ಪುಡಿಯ ಸುದ್ದಿ ಬಂತು. ಮೈಸೂರಿನ ಒಬ್ಬ ಡಾಕ್ಟರಮ್ಮ, ಇಂಥ ಮಕ್ಕಳಿಗೆ ಒಂದು ಬಗೆಯ ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಏನಾದರೂ ಗುಣ ಕಾಣುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ನಮ್ಮ ತಾಲ್ಲೂಕಿನ ಮಕ್ಕಳಿಗಾಗಿ ಭಾನುವಾರಗಳಲ್ಲಿ ನಂಜನಗೂಡಿನ ಒಂದು ಶಾಲೆಯ ಕೊಠಡಿಗೆ ಬರುತ್ತಿದ್ದರು. ಮಕ್ಕಳ ಬೆಂಚುಗಳ ಮೇಲೆ ನಾವು ಮೊಣಕಾಲು ಮಡಚಿ ಕೂತು ಕೇಳಿದೆವು. ಮೊದಲು ಕೆಲವು ವಾರ ಒಂದು ಪುಡಿ, ಆಮೇಲೆ ಸ್ವಲ್ಪ ಬಿಡುವು, ಆಮೇಲೆ ಇನ್ನೊಂದು ಪುಡಿ. ಎರಡರಲ್ಲಿ ಒಂದು ವಿಟಮಿನ್. ಇನ್ನೊಂದು ಬರೀ ಹಿಟ್ಟು.

“ಯಾವುದು ಯಾವುದು ಅಂತ ನಿಮಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು,” ಅಂದರು ಡಾಕ್ಟರಮ್ಮ. “ಗೊತ್ತಿದ್ರೆ ಕಣ್ಣು ಬೇಕಾದ್ದನ್ನ ನೋಡುತ್ತೆ.”

ಈ ಮಾತು ನನಗೆ ಬಹಳ ಹಿಡಿಸಿತ್ತು. ಗಣಿತದವಳು ನಾನು. ಹೊರಗೆ ಜಗುಲಿಯಲ್ಲಿ ಹೆಡತಲೆ ಊರಿನ ಕಡೆಯ ಒಬ್ಬ ರೈತರು, ಅವರ ಮಗನೂ ಅಂಥವನೇ, ಪೊಟ್ಟಣ ಬಿಚ್ಚಿ ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿದ್ದರು.

“ನಮ್ದು ಅಸ್ಲಿ ಕಣ್ರೀ. ಕಯ್ಯಂತ ಕಯ್ಯಿ.”

“ಎರಡಕ್ಕೂ ಕಹಿ ಹಾಕಿರ್ತಾರಂತೆ,” ಎಂದೆ.

“ಅಂಗಂತ ಅವರೇಳ್ತರೆ. ಇಟ್ಟು ತಿಂದು ಬೆಳ್ದ ನಾಲ್ಗೆಗೆ ಇಟ್ಯಾವ್ದು ಅಂತ ಗೊತ್ತಾಗಲ್ವಾ ಮೇಡಂ? ನಿಮ್ದೂ ಒಸಿ ಕೊಡಿ, ನೋಡ್ಬುಟ್ಟು ಏಳ್ತೀನಿ.”

ನಾನು ಕೊಡಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬಳೇ ನೆಕ್ಕಿ ನೋಡಿದೆ. ಕಹಿಯಿತ್ತು. ಏನೂ ತಿಳಿಯಲಿಲ್ಲ.

ಪುಡಿಯನ್ನು ರಸಬಾಳೆಯಲ್ಲಿ ಕಿವುಚಿ ಕೊಡಬೇಕಿತ್ತು, ಬೇರೆ ಬಾಳೆಯನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ. ಆ ವರ್ಷಗಳಲ್ಲಿ ರಸಬಾಳೆಗೆ ರೋಗ ಬಿದ್ದು, ನಮ್ಮೂರಿನ ಹಣ್ಣು ನಮ್ಮೂರಿನಲ್ಲೇ ಹುಡುಕಿದರೂ ಸಿಗದಂತಾಗಿತ್ತು. ಸಿಕ್ಕ ದಿನ ನೆಮ್ಮದಿ.

ತೊಡಕು ಇದ್ದದ್ದು ಹಣ್ಣಿನಲ್ಲಲ್ಲ, ಹೆಸರಿನಲ್ಲಿ. ಮನೆಯಲ್ಲಿ ನಾವು ಮಾಡಬೇಕಾದ ಕೆಲಸ ಇಷ್ಟು: ದಿನಾ ಸಂಜೆ, ಮಗು ತನ್ನ ಪಾಡಿಗೆ ಕೂತಿರುವಾಗ, ಹಿಂದೆ ನಿಂತು ಅದರ ಹೆಸರು ಹಿಡಿದು ಒಂದು ಸಲ ಕೂಗುವುದು. ತಿರುಗಿತೋ, ಓಗೊಟ್ಟಿತೋ, ನೋಡುವುದು. ಬೇರೆಯವರ ಮನೆಯಲ್ಲಿ ಇದು ಸುಲಭ. ನಮ್ಮ ಮನೆಯಲ್ಲಿ ಮಗಳಿಗಿಟ್ಟಿದ್ದದ್ದು ನನ್ನ ಅತ್ತೆಯ ಹೆಸರು. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು, ಅದು ನಡೆದು ಬಂದದ್ದು. ಸೊಸೆಯ ಬಾಯಲ್ಲಿ ಅತ್ತೆಯ ಹೆಸರು ಬರಬಾರದು, ಅದೂ ನಡೆದು ಬಂದದ್ದು. ಎರಡೂ ಸೇರಿ, ತೊಟ್ಟಿಲಲ್ಲಿ ಕಿವಿಗೆ ಊದಿದ ಆ ಹೆಸರನ್ನು ಆಮೇಲೆ ಯಾರೂ ಬಾಯಿಗೆ ತಂದಿರಲಿಲ್ಲ. ನಾನು “ಕೂಸೇ” ಎನ್ನುತ್ತಿದ್ದೆ. ಅವಳಪ್ಪ ತನ್ನ ತಾಯಿಯ ಹೆಸರು ಕೂಗಲಾರದೆ “ಅಮ್ಮಣ್ಣಿ” ಎನ್ನುತ್ತಿದ್ದರು. ಅತ್ತೆಯಂತೂ “ನನ್ನೆಸ್ರೋಳೆ” ಎಂದು ಕರೆಯುತ್ತಿದ್ದರು. ಅಂದರೆ ನನ್ನ ಹೆಸರಿನವಳೆ ಎಂದು. ಹೆಸರಿದೆ ಎನ್ನುವುದೇ ಅವಳ ಹೆಸರು.

ಡಾಕ್ಟರಮ್ಮನಿಗೆ ಹೇಳಿದೆ. “ಮೇಡಂ, ಅದು ನಮ್ಮತ್ತೆ ಹೆಸರು.”

ಅವರು ನಕ್ಕರು, ತಮಾಷೆ ಎಂದುಕೊಂಡರು. ಆಮೇಲೆ ನನ್ನ ಮುಖ ನೋಡಿ, “ಮನೇಲಿ ಏನಂತೀರೋ ಅದರಲ್ಲೇ ಕೂಗಬಹುದು,” ಅಂದರು. “ಆದರೆ ಶುರುವಿಂದ ಕೊನೆವರೆಗೂ ಒಂದೇ ಇರಬೇಕು. ನಡುವೆ ಬದಲಾಯಿಸೋ ಹಾಗಿಲ್ಲ.”

“ಶಾಲೇಲಿ ಹಾಜರಿ ಆ ಹೆಸರಲ್ಲೇ ಕೂಗೋದು ಮೇಡಂ.”

“ಹಾಗಾದ್ರೆ ಅದನ್ನೇ ಇಟ್ಕೊಳ್ಳಿ.”

ಅದನ್ನೇ ಇಟ್ಟುಕೊಂಡೆ. ಕೂಸೇ ಎಂದು ಕೂಗಿದ್ದರೆ ಏನಾಗುತ್ತಿತ್ತೋ.

ಅತ್ತೆಯನ್ನು ಕೇಳಿದೆ. ಎಲೆ ಅಡಿಕೆ ಜಗಿಯುತ್ತ ಕೂತಿದ್ದರು. “ಅತ್ತೆ, ದಿನಾ ಸಾಯಂಕಾಲ ಮಗೂನ ಹೆಸರಿಡಿದು ಕೂಗ್ಬೇಕಂತೆ. ಅದು… ನಿಮ್ಮ ಹೆಸರಲ್ವಾ.”

“ಕೂಗು. ನನ್ನೇನ್ ಕೇಳ್ತೀಯ. ನಾನೇನ್ ಓಗೊಡಕೆ ಬರಲ್ಲ ಬುಡು.”

ಮದುವೆಯಾಗಿ ಅಷ್ಟು ವರ್ಷದಲ್ಲಿ ಮೊದಲ ಸಲ ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಆವತ್ತು ಸಂಜೆ. ಮಗಳು ಬೀಜ ಜೋಡಿಸುತ್ತಿದ್ದಳು. ಕೂಗಿದೆ. ಅವಳ ಭುಜ ಕೂಡ ಅಲುಗಲಿಲ್ಲ. ಅಡುಗೆಮನೆಯಿಂದ “ಓ!” ಎಂದು ಬಂತು, ಅದರ ಹಿಂದೆಯೇ ಅತ್ತೆಯ ಬೈಗುಳ, ತಮಗೆ ತಾವೇ: “ಥೂ, ಇದರ ಬಾಯಿಗಿಷ್ಟು!” ನಾನು ಸೆರಗು ಬಾಯಿಗಿಟ್ಟು ನಕ್ಕೆ. ಅವರೂ ಬಂದು ಹೊಸಿಲ ಮೇಲೆ ಕೂತು ಕೆಮ್ಮುವಷ್ಟು ನಕ್ಕರು. ಆಮೇಲೆ ಅಂದರು: “ನಮ್ಮವ್ವ ತೀರೋದ್ಮೇಲೆ ಯಾರೂ ಕೂಗಿರ್ಲಿಲ್ಲ ಕಣವ್ವ, ಈ ಎಸರ.”

ಅವರ ಗಂಡ ಕರೆಯುತ್ತಿದ್ದದ್ದು “ಇವಳೇ” ಎಂದು. ಮಕ್ಕಳಿಗೆ ಅವ್ವ, ಸೊಸೆಗೆ ಅತ್ತೆ, ಬೀದಿಗೆ ಅಕ್ಕ. ನಾನು ಇದನ್ನೆಲ್ಲ ಆಗ ಯೋಚಿಸಿದೆನೋ ಈಗ ಯೋಚಿಸುತ್ತಿದ್ದೇನೋ ಗೊತ್ತಿಲ್ಲ.

ದಿನಗಳು ಒಂದರ ಹಾಗೆ ಒಂದು. ಹಣ್ಣು, ಪುಡಿ, ಚಿಲಕ, ಕೂಗು. ಕೂಗುವುದು ಒಂದೇ ಸಲವಾದರೂ, ಇಡೀ ದಿನ ಅದರ ಸುತ್ತಲೇ ತಿರುಗುತ್ತಿತ್ತು. ಮಧ್ಯಾಹ್ನ ಅವಳು ಸುಮ್ಮನೆ ನನ್ನ ಕಡೆ ನೋಡಿದರೂ ಇದು ಪುಡಿಯದೋ ಅವಳದೋ ಎನ್ನಿಸುವುದು. ನಕ್ಕರೆ ಪುಡಿ. ಅತ್ತರೆ ಪುಡಿ. ಮಗಳನ್ನು ಸುಮ್ಮನೆ ನೋಡುವುದು ನನಗೆ ಮರೆತುಹೋಯಿತು. ಶಾಲೆಗೆ ರಜೆ ಹಾಕಿ, ಆ ರಜೆಯೂ ಮುಗಿದು, ಸಂಬಳವಿಲ್ಲದ ರಜೆ ಹಾಕಿ, ನಾಲ್ಕು ಗೋಡೆಗಳ ನಡುವೆ ನಾನೂ ಒಂದು ಪರೀಕ್ಷೆಗೆ ಒಳಪಟ್ಟಿದ್ದೇನೆ, ನನಗೆ ಯಾವ ಪುಡಿ ಕೊಡುತ್ತಿದ್ದಾರೋ ಎನ್ನಿಸುತ್ತಿತ್ತು. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೇಳಿದಳು: “ಯಾಕ್ರೀ ಟೀಚರೇ, ದಿನಾ ಸಾಯಂಕಾಲ ಅತ್ತೇನ ಎಸರಿಡಿದು ಕೂಗ್ತೀರಲ್ಲ, ಅಷ್ಟು ಜಗಳವಾ?”

ಒಂದು ವಿಷಯ ಗಮನಿಸಿದ್ದೆ. ಗಮನಿಸಿದ್ದೆ ಎಂದುಕೊಂಡಿದ್ದೇನೆ. ಆ ಹೊತ್ತಿಗೆ ಸರಿಯಾಗಿ ಅತ್ತೆ ಏನಾದರೊಂದು ಕೆಲಸ ಹಿಡಿದು ನಡುಮನೆಯ ಪಕ್ಕದ ಕೋಣೆಗೆ ಬರುತ್ತಿದ್ದರು. ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು. ಅಡುಗೆಮನೆಯಲ್ಲೂ ಮಾಡಬಹುದಾದ ಕೆಲಸಗಳೇ. ನಾನು ಕೂಗುವವರೆಗೆ ಅವರ ಕೈಬಳೆಯ ಸದ್ದು ಕೇಳುತ್ತಿತ್ತು. ಕೂಗಿದ ಮೇಲೆ ಸ್ವಲ್ಪ ಹೊತ್ತು ಕೇಳುತ್ತಿರಲಿಲ್ಲ.

ಮೊದಲ ಪುಡಿ ಮುಗಿಯಿತು. ಏನೂ ಆಗಲಿಲ್ಲ. ಬಿಡುವಿನ ದಿನಗಳು ಮುಗಿದವು. ಎರಡನೆಯದು ಶುರುವಾಗಿ ಕೆಲವು ದಿನಕ್ಕೆ ಆ ಸಂಜೆ ಬಂತು. ಹಾಗೆಂದು ನನ್ನ ಲೆಕ್ಕ. ಆವತ್ತು ರಸಬಾಳೆ ಸಿಕ್ಕಿರಲಿಲ್ಲ, ಏಲಕ್ಕಿ ಬಾಳೆ ಕಿವುಚಿದ್ದೆ, ಅವಳು ಉಗಿದಿದ್ದಳು ಎಂದೂ ನೆನಪಿದೆ. ಹಾಗಿದ್ದರೆ ಆ ದಿನ ಪುಡಿ ಅವಳ ಹೊಟ್ಟೆಗೆ ಹೋಗೇ ಇಲ್ಲ. ಆದರೆ ಉಗಿದದ್ದು ಆ ದಿನವೋ ಹಿಂದಿನ ದಿನವೋ.

ಅವಳು ನೆಲದ ಮೇಲೆ, ಗೋಡೆಗೆ ಮುಖ ಮಾಡಿ. ನಾನು ಅಡುಗೆಮನೆಯ ಹೊಸಿಲಲ್ಲಿ. ಪಕ್ಕದ ಕೋಣೆಯಲ್ಲಿ ಅತ್ತೆ. ಕೂಗಿದೆ.

“ಓ.”

ಮೆಲ್ಲಗೆ, ಮೂಗಿನಲ್ಲಿ, ಸ್ವಲ್ಪ ಎಳೆದು. ತಟ್ಟೆ ನೆಲಕ್ಕೆ ಬೀಳುವ ಮೊದಲಿನ ಸದ್ದಿನ ಹಾಗೆ. ಅಥವಾ, ತಾಯಿಯ ಮನೆಯಲ್ಲಿ ಯಾವುದೋ ಕೋಣೆಯಿಂದ ಒಬ್ಬ ಹುಡುಗಿ ಕೊಡುವ ಉತ್ತರದ ಹಾಗೆ. ಮಗಳು ತಿರುಗಲಿಲ್ಲ. ಅವಳ ಕೈಯಲ್ಲಿದ್ದ ಬೀಜ ಮಾತ್ರ ನೆಲಕ್ಕೆ ಮುಟ್ಟದೆ ನಿಂತಿತ್ತು. ನಿಂತಿತ್ತೇ? ನಿಂತಿತ್ತು ಎಂದು ಬರೆಯುವಾಗ ಕೈ ತಾನಾಗಿ ಬರೆಯುತ್ತದೆ, ಅದಕ್ಕೇ ಅನುಮಾನ.

ಕೋಣೆಗೆ ಓಡಿದೆ. “ಅತ್ತೆ, ನೀವಾ?”

“ಯಾಕವ್ವ?” ಎನ್ನುವಂತೆ ಮುಖ ಎತ್ತಿದರು. ಮಡಿಲಲ್ಲಿ ಹತ್ತಿ. “ನಾನೆಲ್ಲವ್ವ ಅಂದೆ? ಮೊಗ ಅಂತು. ನಂಗೂ ಕೇಳಿಸ್ತು.”

“ನಿಜ ಹೇಳಿ ಅತ್ತೆ. ಇದ್ರಲ್ಲಿ ನನ್ನ ಕೆಲಸ ಅದೆ, ಅವಳ ಶಾಲೆ ಅದೆ.”

“ನಂಜುಂಡಪ್ಪನಾಣೆ,” ಅಂದರು ಅತ್ತೆ. ಆಮೇಲೆ ನನ್ನ ಕೈ ಹಿಡಿದು, “ಇನ್ನೊಂದ್ಸಲ ಕೂಗು, ನೋಡವ,” ಎಂದರು.

ಒಂದೇ ಸಲ ಎಂಬುದು ನಿಯಮ. ಆದರೂ ಕೂಗಿದೆ, ಈ ಸಲ ಅತ್ತೆಯ ಬಾಯಿಯನ್ನೇ ನೋಡುತ್ತ. ಅವರ ಬಾಯಿ ಮುಚ್ಚಿತ್ತು. ನಡುಮನೆಯಿಂದಲೂ ಏನೂ ಬರಲಿಲ್ಲ.

ಮುಂದಿನ ಭಾನುವಾರ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ: ಓ ಎಂದು ಕೇಳಿಸಿತು, ಯಾರೆಂದು ತಿಳಿಯದು, ಅತ್ತೆ ತಾನಲ್ಲ ಅನ್ನುತ್ತಾರೆ. ಅವರು ಪೆನ್ನು ಎತ್ತಿ ಹಿಡಿದುಕೊಂಡೇ ಕೇಳಿದರು.

“ಹೌದು ಅಥವಾ ಇಲ್ಲ, ಎರಡೇ ಇರೋದು ಇಲ್ಲಿ. ಗೊತ್ತಿಲ್ಲ ಅನ್ನೋದಕ್ಕೆ ಜಾಗ ಇಲ್ಲ. ನೀವೇ ಹೇಳಿ, ಅಮ್ಮನಿಗೆ ಗೊತ್ತಾಗುತ್ತೆ.”

ಅಮ್ಮನಿಗೆ ಗೊತ್ತಾಗುತ್ತದೆ. ನಾನು ಏನೆಂದೆ? ಹೌದು ಎಂದ ನೆನಪೂ ಇದೆ, ಅದರಲ್ಲಿ ಡಾಕ್ಟರಮ್ಮ ನಗುತ್ತಾರೆ. ಇಲ್ಲ ಎಂದ ನೆನಪೂ ಇದೆ, ಅದರಲ್ಲಿ ಹೆಡತಲೆಯ ರೈತರು ಹಿಂದಿನ ಬೆಂಚಿನಿಂದ “ಔದು ಅನ್ನಿ ಮೇಡಂ, ಅನ್ನಿ!” ಎಂದು ಪಿಸುಗುಟ್ಟುತ್ತಾರೆ. ಎರಡರಲ್ಲೂ ನಾನು ಅದೇ ಹಸಿರು ಸೀರೆಯಲ್ಲಿದ್ದೇನೆ. ಎರಡನ್ನೂ ಇಟ್ಟುಕೊಂಡಿದ್ದೇನೆ. ಒಂದನ್ನು ಬಿಸಾಡಿದರೆ ಇನ್ನೊಂದು ನಿಜವಾಗಿಬಿಡುತ್ತದೆ ಎಂಬ ಭಯ.

ಮೇ ಕೊನೆಗೆ ಪರೀಕ್ಷೆ ಮುಗಿಯಿತು. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಕೆಲವು ಮಕ್ಕಳಲ್ಲಿ ಏನೋ ಕಂಡಂತಿದೆ, ಕೆಲವರಲ್ಲಿ ಇಲ್ಲ, ಇಷ್ಟರಿಂದ ವಿಟಮಿನ್ ಕೆಲಸ ಮಾಡಿತು ಎಂದು ಹೇಳಲು ಬರುವುದಿಲ್ಲ, ಮಾಡಲಿಲ್ಲ ಎಂದು ಹೇಳಲೂ ಬರುವುದಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಯಾವುದು ಮೊದಲಿತ್ತು ಎಂದು ತಿಳಿಸಿದರು. ಹೆಡತಲೆಯ ರೈತರು ಅಸಲಿ ಎಂದದ್ದು ಹಿಟ್ಟು. “ಇಟ್ಟು ನನ್ನೇ ಯಾಮಾರಿಸ್ಬುಡ್ತಲ್ಲ,” ಎಂದು ನಗಲು ನೋಡಿದರು, ಆಗಲಿಲ್ಲ, ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಮ್ಮದರಲ್ಲಿ ಎರಡನೆಯದು ವಿಟಮಿನ್. ಅಂದರೆ ಓ ಬಂದದ್ದು ವಿಟಮಿನ್ನಿನ ದಿನಗಳಲ್ಲಿ, ನನ್ನ ಲೆಕ್ಕ ಸರಿಯಿದ್ದರೆ, ಏಲಕ್ಕಿ ಬಾಳೆ ಹಿಂದಿನ ದಿನದ್ದಾಗಿದ್ದರೆ, ಓ ಅವಳದ್ದಾಗಿದ್ದರೆ.

ಜೂನ್‌ನಲ್ಲಿ ಅವಳಿಗೆ ಹೊಸ ಫ್ರಾಕು ಹಾಕಿ ನರಸೀಪುರಕ್ಕೆ ಕರೆದುಕೊಂಡು ಹೋದೆ. ಹೊರಡುವ ಮುನ್ನ ಅತ್ತೆ ಅವಳ ಹಣೆಗೆ ವಿಭೂತಿ ಹಚ್ಚಿ, ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಬಸ್ಸಿನಲ್ಲಿ ಅವಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಅದರ ನಡುಕವನ್ನು ಕೇಳುತ್ತ ಕೂತಿದ್ದಳು, ಖುಷಿಯಾಗಿದ್ದಳು. ಹೆಡ್ ಮಿಸ್ ತಮ್ಮ ಕೋಣೆಯಲ್ಲಿ ಅವಳನ್ನು ಕೂರಿಸಿ, ಹಾಜರಿ ಕೂಗುವ ದನಿಯಲ್ಲೇ ಹೆಸರು ಕೂಗಿದರು. ಅವಳು ಫ್ಯಾನು ನೋಡುತ್ತಿದ್ದಳು. ಮತ್ತೆ ಕೂಗಿದರು. ಇನ್ನೊಂದು ಸಲ ಕೂಗಿದಾಗ ನನ್ನ ಗಂಟಲಿನ ತುದಿಗೆ ಓ ಬಂದಿತ್ತು, ನಾನೇ ಅಂದುಬಿಡುವಷ್ಟು ಹತ್ತಿರ. ಆಗ ನನಗೆ ಅತ್ತೆಯ ನೆನಪಾಯಿತು.

“ಮುಂದಿನ ವರ್ಷ ನೋಡೋಣ ಮಿಸ್,” ಅಂದರು ಹೆಡ್ ಮಿಸ್. ಮುಂದಿನ ವರ್ಷ ನಾನು ಅಲ್ಲಿ ಮಿಸ್ ಆಗಿರಲಿಲ್ಲ. ರಾಜೀನಾಮೆ ಕೊಟ್ಟು ಮನೆಗೆ ಬಂದು ಚಿಲಕ ಹಾಕಿದೆ.

ಪುಡಿಯನ್ನು ಮುಂದುವರಿಸಲಿಲ್ಲ. ಕೂಗುವುದನ್ನೂ ನಿಲ್ಲಿಸಿದೆ. ಎಷ್ಟು ದಿನ ಕಳೆದಿತ್ತೋ, ಒಂದು ಸಂಜೆ ಪಕ್ಕದ ಕೋಣೆಯಿಂದ ಅತ್ತೆ ಕೇಳಿದರು: “ಕೂಗಾದ ಬುಟ್ಬುಟ್ಟ್ಯಾ?”

“ಪರೀಕ್ಷೆ ಮುಗೀತಲ್ಲ ಅತ್ತೆ.”

“ಊಂ,” ಅಂದರು. ಬಳೆಯ ಸದ್ದು ಮತ್ತೆ ಶುರುವಾಯಿತು.

ಆ ‘ಊಂ’ನಲ್ಲಿ ಏನೋ ಇತ್ತು ಎಂದು ಈಗ ಹೇಳುವುದು ಸುಲಭ. ಅವರು ಹೋಗಿ ಬಹಳ ವರ್ಷವಾಯಿತು. ಕೊನೆಯ ದಿನಗಳಲ್ಲಿ, ಎರಡು ಸಾವಿರದ ಇಸವಿಯ ನಂತರದ ಯಾವುದೋ ಬೇಸಿಗೆ, ಹಾಸಿಗೆಯ ಪಕ್ಕ ಕೂತು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ನಂಜುಂಡಪ್ಪನ ಆಣೆ ಹಾಕಿದವರನ್ನು ಮತ್ತೆ ಕೇಳುವುದು ಹೇಗೆ? ಅವರು ಸುಳ್ಳು ಹೇಳಿದ್ದರೆ ನನಗಾಗಿ ಹೇಳಿದ್ದರು. ನಿಜ ಹೇಳಿದ್ದರೆ ನನ್ನ ಮಗಳು ಒಂದು ಸಲ ನನಗೆ ಓಗೊಟ್ಟಿದ್ದಳು. ಯಾವುದನ್ನು ಕಳೆದುಕೊಳ್ಳಲಿ?

ಮಗಳು ಈಗ ನನಗಿಂತ ಎತ್ತರ. ಹುಣಸೆ ಬೀಜಗಳ ಜಾಗಕ್ಕೆ ಗುಂಡಿಗಳು ಬಂದಿವೆ. ಮಾತು ಬಂದಿಲ್ಲ. ನನ್ನ ಮಣಿಕಟ್ಟು ಹಿಡಿಯುವುದು ಬಿಟ್ಟಿಲ್ಲ. ಈಗ ಅವಳನ್ನು ಆ ಹೆಸರಿನಿಂದ ಕರೆಯಲು ಯಾವ ಅಡ್ಡಿಯೂ ಇಲ್ಲ, ಆದರೂ ಕೂಸೇ ಎನ್ನುತ್ತೇನೆ. ಇಲ್ಲೂ ಆ ಹೆಸರು ಬರೆದಿಲ್ಲ.

ಆ ಸಂಜೆ ಬಾಗಿಲು ಮುಚ್ಚಿತ್ತೋ ತೆರೆದಿತ್ತೋ, ಅವಳ ಹೊಟ್ಟೆಯಲ್ಲಿ ಪುಡಿ ಇತ್ತೋ ಇಲ್ಲವೋ, ನನಗೆ ಖಚಿತವಿಲ್ಲ. ಓ ಎಂದದ್ದು ಯಾರು ಎಂದು ನನಗೆ ಗೊತ್ತಿಲ್ಲ.